ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದ ಗುರುಮಲ್ಲಪ್ಪ

ದಾರಿ ತೋರಿಸುವವರು ಮುಂದೆ ನಡೆಯುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಗುರುಮಲ್ಲಪ್ಪನವರು ಯಾವಾಗಲೂ ಹಿಂದೆ ನಡೆಯುತ್ತಿದ್ದರು. ಎಂಟು ಹತ್ತು ಜನರ ಸಾಲನ್ನು ಕಾಡಿನೊಳಕ್ಕೆ ಬಿಟ್ಟು, ಕೊನೆಯವರ ಬೆನ್ನಿಗೆ ಎರಡು ಮಾರು ದೂರದಲ್ಲಿ, ಹಣೆಯ ವಿಭೂತಿ ಬೆವರಿಗೆ ಕದಡದಂತೆ ಟವಲು ಬಿಗಿದುಕೊಂಡು ಅವರು ಬರುತ್ತಿದ್ದರು. ಎಡಕ್ಕೆ ತಿರುಗಬೇಕಾದರೆ ಹಿಂದಿನಿಂದಲೇ, "ಎಡಾ, ಎಡಾ, ಆ ಉರುಳಿದ ಮರದ ಬಲಗಡೆಗ್ ಓಗ್ಬ್ಯಾಡಿ" ಎಂದು ಕೂಗುವರು. ಯಾಕೆ ಹೀಗೆ ಎಂದು ನಾನು ಹೋದ ಒಂದೇ ಸಲ ಕೇಳಿದ್ದೆ. "ಮುಂದೆ ಓದ್ರೆ ನಂಗೆ ಬರೀ ಕಾಡು ಕಾಣ್ತದೆ ಕನವ್ವಾ. ಕಾಡ ನಾನು ನೋಡಿವ್ನಿ. ನೀವ್ ಕಾಣ್ಬೇಕಲ್ಲ ನಂಗೆ" ಅಂದಿದ್ದರು.

ಅವರು ನಂಜನಗೂಡಿನ ಪಕ್ಕದ ಕಳಲೆಯವರು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಭತ್ತದ ಗದ್ದೆಯ ಬಯಲಲ್ಲಿ ಹುಟ್ಟಿದ ಮನುಷ್ಯನಿಗೆ ಮಳೆಕಾಡಿನ ನಂಟು ಹೇಗೆ ಬಂತೆಂದರೆ, ಹದಿನೆಂಟರ ವಯಸ್ಸಿನಲ್ಲಿ ಅಣ್ಣನ ಮೇಲೆ ಮುನಿಸಿಕೊಂಡು ಮನೆ ಬಿಟ್ಟು ಹೋಗಿ, ಕೊಡಗಿನ ತೆಂಕಣ ಅಂಚಿನಲ್ಲಿ ಕಾಡು ಅಳೆಯುತ್ತಿದ್ದ ತಂಡವೊಂದರಲ್ಲಿ ಸರಪಳಿ ಹಿಡಿಯುವ ಕೂಲಿಗೆ ಸೇರಿದ್ದರು. ಏಳು ವರ್ಷ ಅಲ್ಲೇ ಇದ್ದರು. ಊರಿಗೆ ಬಂದು ಮದುವೆಯಾಗಿ, ಕಾರ್ಖಾನೆ ಸೇರಿದ ಮೇಲೂ ಆ ಕಾಡು ಅವರನ್ನು ಬಿಡಲಿಲ್ಲ. ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ, ಕಾರ್ಖಾನೆಯವರನ್ನೂ ಅವರ ಮನೆಯವರನ್ನೂ ಒಂದು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ, ಅರಣ್ಯ ಇಲಾಖೆಯವರ ಅನುಮತಿ ಚೀಟಿ ಪಡೆದು, ಬೆಳಗಿನಿಂದ ಸಂಜೆಯವರೆಗೆ ಒಳಗೆಲ್ಲ ನಡೆಸಿ ತರುತ್ತಿದ್ದರು.

ನನ್ನ ತಮ್ಮ ಸತೀಶ ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ಸೇರಿ ಒಂದು ವರ್ಷವಾಗಿತ್ತು. ಡಿಪ್ಲೊಮಾ ಮಾಡಿದ್ದ, ಇಪ್ಪತ್ತನಾಲ್ಕು ವಯಸ್ಸು. ನಾನು ತಿ. ನರಸೀಪುರದ ಒಂದು ಆಫೀಸಿನಲ್ಲಿ ಟೈಪಿಸ್ಟ್. ತೊಂಬತ್ತರ ದಶಕದ ಕೊನೆಯ ಒಂದು ನವೆಂಬರಿನಲ್ಲಿ, "ಬಾರಕ್ಕ, ನೀನೂ ಟೈಪು ಹೊಡೆದೂ ಹೊಡೆದೂ ಗೂನಾಗ್ತಿದ್ದೀಯ" ಎಂದು ಅವನೇ ನನ್ನನ್ನು ಹೊರಡಿಸಿದ.

ಕಾಡಿನ ಅಂಚಿನ ಒಂದು ಶಾಲೆಯ ಜಗಲಿಯಲ್ಲಿ ಮಲಗಿದ್ದು ಬೆಳಗಾಗುವ ಮುಂಚೆ ಎದ್ದೆವು. ಗುರುಮಲ್ಲಪ್ಪನವರು ಆಗಲೇ ತಣ್ಣೀರು ಸುರಿದುಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ಹೊಗೆಸೊಪ್ಪು ನೆನೆಸಿದ ನೀರಿನ ಡಬ್ಬಿ ಹಿಡಿದು ಕೂತಿದ್ದರು. ಒಬ್ಬೊಬ್ಬರ ಕಾಲಿಗೂ ಮೊಣಕಾಲಿನವರೆಗೆ ಅದನ್ನು ತಾವೇ ಬಳಿದರು, ಜಿಗಣೆ ಹತ್ತದಿರಲಿ ಎಂದು. ಸತೀಶ ಕಾಲು ಹಿಂದೆಳೆದುಕೊಂಡ. "ನಾನೇ ಹಚ್ಕೊಳ್ತೀನಿ ಕೊಡ್ರಿ." ಅವರು ಡಬ್ಬಿ ಕೊಟ್ಟರು. "ಅಚ್ಕಳಿ ಸಾ. ಬೆರಳ್ ಸಂದೀಗೂ ಅಚ್ಕಳಿ." ಕಾರ್ಖಾನೆಯಲ್ಲಿ ತಾನು ಹೇಳಿದ್ದನ್ನು ಕೇಳಬೇಕಾದವರು ಇಲ್ಲಿ ತನಗೇ ಹೇಳುವುದು ನನ್ನ ತಮ್ಮನಿಗೆ ಮೊದಲಿನಿಂದಲೂ ಇರುಸುಮುರುಸಾಗಿತ್ತು. ನನಗದು ಕಂಡಿತ್ತು. ನಗು ಬಂದಿತ್ತು.

ಒಳಗೆ ಹೊಕ್ಕ ಮೇಲೆ ಬೆಳಗಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ನಮ್ಮ ಕಡೆ ಮರವೆಂದರೆ ಹೊಂಗೆ, ಬೇವು, ಹುಣಿಸೆ. ಇಲ್ಲಿ ಬುಡದಲ್ಲೇ ಗೋಡೆಯ ಹಾಗೆ ಎದ್ದ ಬೇರುಗಳು, ತಲೆ ಎತ್ತಿದರೆ ತುದಿ ಕಾಣದ ಬೊಡ್ಡೆಗಳು, ಅವುಗಳ ಮೇಲೆ ಪಾಚಿ, ಪಾಚಿಯ ಮೇಲೆ ಬೇರೆ ಗಿಡ. ನೆಲವೆಲ್ಲ ಕೊಳೆತ ಎಲೆ. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತರೆ ಕಿವಿ ನೋಯುವಷ್ಟು ಮೌನ. ಹತ್ತು ಗಂಟೆಯ ಹೊತ್ತಿಗೆ ತಲೆಯ ಮೇಲೆ ಯಾರೋ ಚಾಪೆ ಬೀಸಿದ ಹಾಗೆ ಸದ್ದಾಯಿತು. "ಮಂಗಟ್ಟೆ ಅಕ್ಕಿ. ರೆಕ್ಕೆ ಸದ್ದು ಅದು. ಕತ್ತೆತ್ಬ್ಯಾಡಿ, ಕಾಣದಿಲ್ಲ, ಬರೀ ಕೇಳಿ" ಎಂದರು ಹಿಂದಿನಿಂದ. ಒಂದು ಧೂಪದ ಮರದ ಹತ್ತಿರ ನಿಲ್ಲಿಸಿ, ಅಂಟು ಕೆರೆದು, ನನ್ನ ಅಂಗೈಗೆ ಹಾಕಿ ಮೂಸಲು ಹೇಳಿದರು. ತಾವು ಸರಪಳಿ ಹಿಡಿಯುತ್ತಿದ್ದ ಕಾಲದಲ್ಲಿ ಜೊತೆಯವನೊಬ್ಬ ಜ್ವರ ಬಂದು ಆ ಮರದ ಬುಡದಲ್ಲೇ ಪ್ರಾಣ ಬಿಟ್ಟನೆಂದೂ, ಅವನ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲವೆಂದೂ ಹೇಳಿದರು. "ಅವತ್ನಿಂದ ಯಾರ್ ಜೊತೆ ಕಾಡಿಗ್ ಬಂದ್ರೂವೆ ಮೊದ್ಲು ಊರು ಕೇಳ್ತೀನಿ ಕನವ್ವಾ." ನಿಜ, ವ್ಯಾನು ಹತ್ತುವಾಗ ಎಲ್ಲರ ಊರನ್ನೂ ಕೇಳಿದ್ದರು. ನಾನು ಅದನ್ನು ಬರೀ ಉಪಚಾರ ಎಂದುಕೊಂಡಿದ್ದೆ.

ಹೋಗುವಾಗ ಒಂದು ಹಳ್ಳ ದಾಟಿದ್ದೆವು. ಮೊಣಕಾಲಿನ ಕೆಳಗೇ ಇತ್ತು ನೀರು. ಮಧ್ಯಾಹ್ನ ಬುತ್ತಿ ತಿಂದು ಹಿಂತಿರುಗುವಾಗ ಮಳೆ ಹಿಡಿಯಿತು. ಆ ತಿಂಗಳಲ್ಲಿ ಬರಬಾರದ ಮಳೆ. ಎಲೆಗಳ ಮೇಲೆ ಬಿದ್ದು, ಎಲೆಯಿಂದ ಎಲೆಗೆ ಇಳಿದು, ನಮ್ಮ ಮೇಲೆ ಬೀಳುವ ಹೊತ್ತಿಗೆ ಅದು ಹನಿಯಾಗಿರಲಿಲ್ಲ, ದಾರವಾಗಿತ್ತು. ಎರಡು ಗಂಟೆ ಸುರಿಯಿತು. ಹಳ್ಳಕ್ಕೆ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ನಮ್ಮಲ್ಲೊಬ್ಬರು ಕಾಲು ಸೆಡೆತು ಕೂತುಬಿಟ್ಟರು. ಉಳಿದವರು ಅವರ ಜೊತೆ ಮರದಡಿ ನಿಂತರು. ಹಳ್ಳ ಹೇಗಿದೆ ನೋಡಿ ಬರುತ್ತೇನೆಂದು ಗುರುಮಲ್ಲಪ್ಪನವರು ಇಳಿದರು. ಆ ದಿನ ಅವರು ಮುಂದೆ ನಡೆದದ್ದು ಅದೊಂದೇ ಸಲ. ಸತೀಶ ಅವರ ಹಿಂದೆ ಹೋದ. ಅವನ ಹಿಂದೆ ನಾನು.

ನೀರು ಕೆಂಪಗಾಗಿತ್ತು. ಸೊಂಟದವರೆಗೆ ಬರಬಹುದು ಅನ್ನಿಸಿತು. ಗುರುಮಲ್ಲಪ್ಪನವರು ಒಂದು ಕೊಂಬೆ ಮುರಿದು ಎಸೆದು ನೋಡಿದರು. ಅದು ಕಣ್ಣು ಮಿಟುಕಿಸುವುದರೊಳಗೆ ಮರೆಯಾಯಿತು.

"ಬ್ಯಾಡ. ಮ್ಯಾಕಡೆ ನಾಕು ಮೈಲಿ ಸುತ್ತಿದ್ರೆ ದಿಮ್ಮಿ ಸೇತುವೆ ಅದೆ. ಅಲ್ಲಿಂದ ಓಗವ."

"ನಾಕು ಮೈಲೀನಾ? ಆ ಕಾಲು ಸೆಡೆತೋರನ್ನ ಎತ್ಕೊಂಡಾ? ಇಷ್ಟು ನೀರಿಗೆ?" ಎಂದ ಸತೀಶ.

ನಾನು ಹತ್ತು ಮಾರು ಮೇಲೆ ಒಂದು ಬಂಡೆಯ ಮೇಲೆ ಕೂತು ಹಿಮ್ಮಡಿಯ ಜಿಗಣೆ ಕೀಳುತ್ತಿದ್ದೆ. ಆಮೇಲಿನ ಮಾತು ನೀರಿನ ಮೊರೆತದಲ್ಲಿ ಕೇಳಲಿಲ್ಲ. ಕಂಡದ್ದು ಇಷ್ಟು: ಗುರುಮಲ್ಲಪ್ಪನವರು ಕೈ ಅಡ್ಡ ಚಾಚಿ ನಿಂತಿದ್ದರು. ತಲೆಯಾಡಿಸಿದರು. ಮತ್ತೆ ತಲೆಯಾಡಿಸಿದರು. ಸತೀಶ ಬೆರಳು ತೋರಿಸಿ ಏನೋ ಹೇಳಿದ. ಆಮೇಲೆ ಆ ಕೈ ಕೆಳಗಿಳಿಯಿತು. ಅವನೇ ತಳ್ಳಿರಬೇಕು ಎಂದುಕೊಂಡೆ. ಸತೀಶ ಕೋಲು ಊರಿಕೊಂಡು ನೀರಿಗಿಳಿದ. ಏಳೆಂಟು ಹೆಜ್ಜೆ ಚೆನ್ನಾಗಿಯೇ ಹೋದ. ನನ್ನ ಕಡೆ ತಿರುಗಿ ಕೈ ಬೀಸಿದ ಕೂಡ. ನಡುವಿನಲ್ಲಿ ಕುರ್ಚಿಯ ಮೇಲೆ ಕೂತುಕೊಳ್ಳುವ ಹಾಗೆ ಮೆಲ್ಲಗೆ ಕೂತ. ಮತ್ತೆ ಏಳಲಿಲ್ಲ.

ಗುರುಮಲ್ಲಪ್ಪನವರು ದಡದ ಗುಂಟ ಓಡಿದರು, ಕೆಳಗೆಲ್ಲೋ ಹಾರಿದರು. ಒಂದು ಗಂಟೆಯ ಮೇಲೆ ಬರಿಗೈಯಲ್ಲಿ ಮೇಲೆ ಬಂದಾಗ ಅವರ ಎರಡೂ ಅಂಗೈಯ ತೊಗಲು ಕಿತ್ತು ಹೋಗಿತ್ತು. ನನ್ನ ಮುಂದೆ ನಿಂತರು. ನಮ್ಮನ್ನು ದಿಮ್ಮಿ ಸೇತುವೆಯ ಮೇಲೆ ಒಬ್ಬೊಬ್ಬರನ್ನಾಗಿ ದಾಟಿಸಿ ರಸ್ತೆ ಮುಟ್ಟಿಸಿದರು.

ಮಾರನೆಯ ಬೆಳಿಗ್ಗೆ ನೀರು ಇಳಿದಿತ್ತು. ಸತೀಶ ಒಂದು ಮಡುವಿನಲ್ಲಿ, ಬೇರಿನ ಕೆಳಗೆ ಸಿಕ್ಕಿಕೊಂಡಿದ್ದ. ಮಡುವಿಗಿಳಿದು ಬಿಡಿಸಿದವರು ಗುರುಮಲ್ಲಪ್ಪನವರೇ. ದಡದಲ್ಲಿ ಮಲಗಿಸಿ, ಬಿಚ್ಚಿಹೋಗಿದ್ದ ಅವನ ಶೂ ಲೇಸನ್ನು ಬಟ್ಟೆ ಸುತ್ತಿದ ಕೈಗಳಿಂದಲೇ ಕಟ್ಟಿದರು. ಆಮೇಲೆ ಬೆನ್ನ ಮೇಲೆ ಹಾಕಿಕೊಂಡರು. ರಸ್ತೆಗೆ ಮೂರು ಗಂಟೆಯ ದಾರಿ. ಇನ್ನೊಬ್ಬರು ಹೊರುತ್ತೇವೆಂದರೆ ಕೊಡಲಿಲ್ಲ.

ರಸ್ತೆಯಲ್ಲಿ ನಮ್ಮಪ್ಪ ಬಂದು ನಿಂತಿದ್ದರು. ಊರಿನಲ್ಲಿ ಗೌಡರೆಂದು ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ಆ ದಿನ ಠಾಣೆಯಲ್ಲಿ ಮೇಜು ಗುದ್ದಿ, "ನನ್ನ ಮಗನ್ನ ನೀರಿಗಿಳಿಸಿದ್ದು ಇವನೇ, ಬರ್ಕೊಳ್ಳಿ" ಅಂದರು. ಹಳ್ಳದ ಹತ್ತಿರ ಇದ್ದದ್ದು ನಾವು ಮೂವರೇ. ಅಧಿಕಾರಿ ನನ್ನ ಕಡೆ ತಿರುಗಿದರು. "ಗೈಡೇ ದಾಟಿ ಅಂದ್ರಾ ಅಮ್ಮಾ?"

ನಾನು ಅಪ್ಪನ ಮುಖ ನೋಡಿದೆ. "ಹೂಂ" ಅಂದೆ.

ಗುರುಮಲ್ಲಪ್ಪನವರನ್ನು ಕೇಳಿದರು. ಅವರು ನೆಲ ನೋಡುತ್ತಾ, "ಆಯಮ್ಮ ಯೋಳ್ದಂಗೇ ಬರ್ಕಳಿ" ಅಂದರು.

ಆ ಮಾತು ನನ್ನನ್ನು ಎಷ್ಟು ಸುಟ್ಟಿತೆಂದು ಹೇಳಲಾರೆ. ನನ್ನ ಸುಳ್ಳನ್ನು ಕಂಡೂ, ತಮ್ಮನನ್ನು ಕಳೆದುಕೊಂಡ ಹುಡುಗಿ ಎಂದು ಕರುಣೆಯಿಂದ ತಪ್ಪನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು ಎಂದೇ ತಿಳಿದೆ. ಕೇಸು ಕೊಡಗಿನ ಕೋರ್ಟಿನಲ್ಲಿ ಮೂರು ವರ್ಷ ನಡೆಯಿತು. ಪ್ರತಿ ವಾಯಿದೆಗೂ ಅವರು ಕಾರ್ಖಾನೆಗೆ ರಜೆ ಹಾಕಿ ಮೊದಲ ಬಸ್ಸಿಗೆ ಹೋಗುತ್ತಿದ್ದರು. ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಒಂದೆರಡು ಸಲ ಎದುರಾದರು. ಎರಡೂ ಸಲ ನಾನೇ ಕಂಬದ ಮರೆಗೆ ಸರಿದೆ. ಅವರನ್ನು ತೋರಿಸಿ, "ಗೌಡರ ಮಗನ್ನ ಕೊಂದವನು" ಎನ್ನುವವರಿದ್ದರು. ಕಾಡಿನ ಪ್ರವಾಸ ನಿಂತೇ ಹೋಯಿತು.

ಸಾಕ್ಷಿ ಹೇಳಲು ನನ್ನ ಸರದಿ ಬಂದಾಗ ನಿಜ ಹೇಳಿಬಿಟ್ಟೆ. ಅವರು ಬೇಡವೆಂದದ್ದು, ಕೈ ಅಡ್ಡ ಹಿಡಿದದ್ದು, ನನ್ನ ತಮ್ಮ ತಾನಾಗಿಯೇ ಇಳಿದದ್ದು, ಠಾಣೆಯಲ್ಲಿ ನಾನು ಹೇಳಿದ್ದು ಸುಳ್ಳೆಂಬುದು. ಅವರು ಬಿಡುಗಡೆಯಾದರು. ಅಪ್ಪ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟರು. ಎರಡು ವರ್ಷದ ಮೇಲೆ ತೀರಿಕೊಂಡರು, ಅಲ್ಲಿಯವರೆಗೂ ಆಡಲಿಲ್ಲ.

ಅಪ್ಪನ ವರ್ಷದ ಕಾರ್ಯ ಮುಗಿಸಿ ಕಳಲೆಗೆ ಹೋದೆ. ಗುರುಮಲ್ಲಪ್ಪನವರು ಎದೆ ಕಟ್ಟಿಕೊಂಡು ಕೆಲಸ ಬಿಟ್ಟಿದ್ದರು. ಜಗಲಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕು. ನಾನು ಕಾಲು ಹಿಡಿಯಲು ಬಗ್ಗಿದೆ.

"ಬ್ಯಾಡ, ಏಳವ್ವ. ಕೂತ್ಕೊ."

"ನನ್ನನ್ನ ಕ್ಷಮಿಸಿಬಿಡಿ. ನಾನು ಸುಳ್ಳು ಹೇಳಿದ್ರೂ ನೀವು ಸುಮ್ಮನಿದ್ರಿ."

ಅವರು ದಿಂಬು ಸರಿಸಿ ನೆಟ್ಟಗೆ ಕೂತರು. ಆಮೇಲೆ ಹೇಳಿದರು: "ನಿನ್ ಸಲವಾಗಿ ಸುಮ್ನಿರ್ಲಿಲ್ಲ ಕನವ್ವಾ. ಮೂರು ಸಲ ಬ್ಯಾಡ ಅಂದೆ. ಅದ ನೀನು ನೋಡ್ದೆ, ಕೋರ್ಟ್ನಲ್ಲೂ ಯೋಳ್ದೆ. ನಾಕ್ನೇ ಸಲ ಏನಂದೆ ಗೊತ್ತಾ? 'ಓಗಯ್ಯಾ ಓಗು, ನೀನೇ ದೊಡ್ಡೋನು, ಓಗು' ಅಂದೆ. ಅವ್ನು ನನ್ ಕೈ ತಳ್ಳಲಿಲ್ಲ. ನಾನೇ ಇಳ್ಸ್ದೆ. ಕ್ವಾಪ ಬಂದ್ಬುಡ್ತು ನಂಗೆ."

"ಅವನು ಏನಂದ?"

"ಅದು ಸತ್ತೋನ್ ಮಾತು. ಬುಟ್ಬುಡು."

ಏನಂದಿರಬಹುದೆಂದು ನನಗೆ ಗೊತ್ತಿತ್ತು. ಅವನ ಬಾಯಿ ನನಗೆ ಗೊತ್ತಿಲ್ಲವೇ? ನಾನು ಅಳುತ್ತಲೇ, "ನೀವು ಆಗಲೂ ಬೇಡ ಅಂದಿದ್ರೂ ಅವನು ಹೋಗ್ತಿದ್ದ. ಅವನ ಹಠವೇ ಅಂಥದ್ದು" ಅಂದೆ.

"ಓಯ್ತಿದ್ನೇನೋ. ಓಯ್ತಿರ್ಲಿಲ್ವೇನೋ. ಇಪ್ಪತ್ ವರ್ಸ ಜನ್ರ ಕಾಡಿಗ್ ಕರ್ಕೊಂಡೋಗಿವ್ನಿ, ಯಾರ್ ಮ್ಯಾಲೂ ಕ್ವಾಪ ಮಾಡ್ಕಂಡಿರ್ಲಿಲ್ಲ. ಅವತ್ ಮಾಡ್ಕಂಡೆ." ಉಸಿರು ಸಿಕ್ಕಿಕೊಂಡಿತು. ಅವರ ಹೆಂಡತಿ ಒಳಗಿನಿಂದ ಕಾಫಿ ತಂದರು. ಅವರು ತಟ್ಟನೆ, "ನಮ್ ಕಾರ್ಖಾನೆ ಸತೀಸಪ್ಪೋರ ಅಕ್ಕ ಕನಾ" ಎಂದು ಪರಿಚಯ ಹೇಳಿ ಮಾತು ಬದಲಿಸಿದರು. ನಾನು ಕಾಫಿ ಕುಡಿದು ಎದ್ದೆ. ಹೋಗಿಬರುತ್ತೇನೆಂದಾಗ ತಲೆಯಾಡಿಸಿದರು, ಅಷ್ಟೇ. ಅವರನ್ನು ಮತ್ತೆ ನೋಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ಬಸ್ಸಿನಲ್ಲಿ ಯಾರಿಂದಲೋ ತಿಳಿಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಇಷ್ಟು ವರ್ಷ ಅವರ ಹೆಸರೆತ್ತದಿದ್ದ ಅವ್ವ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ನಡಿ, ಓಗ್ಬರವ" ಅಂದಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆವು. ಊಟದ ಪಂಕ್ತಿ ಎದ್ದ ಮೇಲೆ ಅವ್ವ ಒಳಗೆ ಹೋಗಿ ಗುರುಮಲ್ಲಪ್ಪನವರ ಹೆಂಡತಿಯ ಪಕ್ಕ ಗೋಡೆಗೊರಗಿ ಕೂತಳು.

"ನನ್ನ ಮಗನ್ನ ಮೂರು ಗಂಟೆ ಬೆನ್ ಮ್ಯಾಲೆ ಒತ್ಕಂಡ್ ಬಂದ್ರಂತೆ. ನಾನು ಒಂದಿನಾನೂ ಬಂದು ಒಂದ್ ಮಾತು ಕೇಳ್ಲಿಲ್ಲ ಕನಕ್ಕ" ಅಂದಳು.

"ಆ ಇಚಾರ ನಂತಾವ ಆಡ್ತಲೇ ಇರ್ಲಿಲ್ಲ ಅವ್ರು. ಮಳೆ ಜೋರಾಗಿ ಉಯ್ದ್ರೆ ಮಾತ್ರ ಜಗಲಿಯಿಂದ ಎದ್ದು ಒಳಕ್ ಬಂದ್ಬುಡೋರು. ಯಾಕೆ ಅಂದ್ರೆ ಯೋಳ್ತಿರ್ಲಿಲ್ಲ. ನಿಮ್ ಮಗ್ಳೀಗೇನಾರ ಯೋಳಿದ್ರಾ? ಒಂದ್ ಸಲ ಬಂದಿದ್ರಲ್ಲ."

ಇಬ್ಬರೂ ನನ್ನ ಕಡೆ ನೋಡಿದರು.

"ಇಲ್ಲ" ಅಂದೆ.

ಅವ್ವ ಆಕೆಯ ಕೈ ಹಿಡಿದುಕೊಂಡಳು. ಇಬ್ಬರೂ ಅಳಲು ತೊಡಗಿದರು. ನಾನು ಅವರ ಎದುರಿಗೆ ಬಹಳ ಹೊತ್ತು ಕೂತಿದ್ದೆ.