ನಲವತ್ತು ಮೀಟರ್ ಆಳದ ಒಂಟಿ ಕೆಲಸ

ಬೆಳಗಿನ ಐದೂ ಮುಕ್ಕಾಲು. ಜಲಾಶಯದ ನೀರಿಗೆ ಇನ್ನೂ ಬಣ್ಣ ಬಂದಿಲ್ಲ. ಚಪ್ಪಟೆ ದೋಣಿಯ ಅಂಚಿನಲ್ಲಿ ಕುಳಿತ ಐವತ್ತೆಂಟರ ಮನುಷ್ಯ ಮುಖವಾಡದ ಗಾಜಿಗೆ ಉಗುಳಿ, ಹೆಬ್ಬೆರಳಿನಿಂದ ತಿಕ್ಕಿ, ತೊಳೆಯುತ್ತಾರೆ. ಒಳಗೆ ಮಂಜು ಕಟ್ಟಬಾರದಲ್ಲ. ಬೆನ್ನಿಗೆ ಎರಡು ಗಾಳಿ ಸಿಲಿಂಡರ್. ಎಡಗೈ ಭುಜಕ್ಕಿಂತ ಮೇಲೇಳದ ಕಾರಣ ಪಟ್ಟಿ ಬಿಗಿಯುವವರು ಅವರ ಅಕ್ಕ.

"ಉಸಿರು ಬಿಡೋ."

"ಬಿಟ್ಟೆ."

"ಇನ್ನೂ ಬಿಡು. ಪಟ್ಟಿ ಹೋದ ವರ್ಷದ್ದೇ, ಹೊಟ್ಟೆ ಮಾತ್ರ ಈ ವರ್ಷದ್ದು."

ಅವರು ನಗುವುದಿಲ್ಲ. ಒಮ್ಮೆ ಆಕಳಿಸಿ, ಗಾಳಿಯ ಕೊಳವೆ ಕಚ್ಚಿಕೊಂಡು ಹಿಮ್ಮುಖವಾಗಿ ನೀರಿಗೆ ಬೀಳುತ್ತಾರೆ. ಅಕ್ಕನ ಬೆರಳುಗಳ ನಡುವೆ ಹಗ್ಗ ಸರಸರನೆ ಇಳಿಯತೊಡಗುತ್ತದೆ.

ಊರಿನ ಮೂರು ಲಕ್ಷ ಜನ ಕುಡಿಯುವ ನೀರು ಈ ಜಲಾಶಯದ್ದು. ನೀರು ಕೊಳವೆಗೆ ಸೇರುವ ಬಾಯಿ ಇರುವುದು ನಲವತ್ತೊಂದು ಮೀಟರ್ ಆಳದಲ್ಲಿ. ಅದಕ್ಕೆ ನಾಲ್ಕು ಕಬ್ಬಿಣದ ಜಾಲರಿಗಳು. ಕೊಳೆತ ಕೊಂಬೆ, ಪಾಚಿ, ಚೀಲ, ಒಮ್ಮೊಮ್ಮೆ ಯಾರದೋ ಚಪ್ಪಲಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ವಾರಕ್ಕೆ ಎರಡು ಸಲ ಅವನ್ನೆಲ್ಲ ಕೈಯಿಂದ ಕಿತ್ತು ತೆಗೆಯಬೇಕು. ಇಪ್ಪತ್ತೇಳು ವರ್ಷದಿಂದ ಈ ಮುಳುಗುಗಾರರ ಕೆಲಸ ಅದೇ. ಕೆಳಗೆ ಹದಿನೈದು ನಿಮಿಷ. ಮೇಲೆ ಬರಲು ಇಪ್ಪತ್ತೈದು. ಅವಸರದಲ್ಲಿ ಮೇಲೆದ್ದರೆ ರಕ್ತದಲ್ಲಿ ಗುಳ್ಳೆ ಕಟ್ಟುತ್ತದೆ. ಹಾಗಾಗಿ ದಾರಿಯಲ್ಲಿ ಮೂರು ಕಡೆ ನಿಂತು, ಸುಮ್ಮನೆ ಹಗ್ಗ ಹಿಡಿದು ತೂಗುತ್ತಿರಬೇಕು.

ಕಾಲೊನಿಯಲ್ಲಿ ಅವರನ್ನು 'ಮುಳುಗಣ್ಣ' ಎನ್ನುತ್ತಾರೆ. "ಪ್ರತಿ ಸಲ ತೇಲಿ ಬರೋನೂ ನಾನೇ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ ನೋಡಿ," ಎಂಬುದು ಅವರ ತಕರಾರು.

ನಿಯಮದ ಪ್ರಕಾರ ಇಳಿಯಬೇಕಾದವರು ಇಬ್ಬರು. ಆರು ವರ್ಷದ ಹಿಂದೆ ಜೊತೆಗಾರನ ಕಿವಿಯ ತಮಟೆ ಒಡೆದು ಆತ ಕೆಲಸ ಬಿಟ್ಟ. ಆ ಜಾಗ ಇನ್ನೂ ತುಂಬಿಲ್ಲ. ಐದು ಅರ್ಜಿಗೆ ಬಂದ ಉತ್ತರ ಒಂದೇ: ಪರಿಶೀಲನೆಯಲ್ಲಿದೆ. ಹಗ್ಗ ಹಿಡಿಯಲು ಇಲಾಖೆ ಕಳಿಸಿದವರು ಮೊಬೈಲ್ ನೋಡುತ್ತ ಕೂರುತ್ತಿದ್ದರು. ಆಗ ಹೊಲಿಗೆ ಅಂಗಡಿ ಮುಚ್ಚಿದ್ದ ಅಕ್ಕ, "ನಾನು ಬರ್ತೀನಿ ಬಿಡು, ನಲವತ್ತು ವರ್ಷ ದಾರ ಹಿಡಿದ ಕೈ ಇದು," ಎಂದು ದೋಣಿ ಹತ್ತಿದರು. ಈಗ ಅವರಿಗೆ ಅರವತ್ತನಾಲ್ಕು. ಹಗ್ಗ ಒಮ್ಮೆ ಜಗ್ಗಿದರೆ 'ಇದ್ದೀನಿ'. ಎರಡು ಸಲ, 'ಹಗ್ಗ ಬಿಡು'. ಮೂರು, 'ಬರ್ತಿದ್ದೀನಿ'. ನಾಲ್ಕು ಸಲ ಜಗ್ಗಿದ್ದು ಒಂದೇ ಒಂದು ದಿನ.

ಅದು ನಾಲ್ಕು ವರ್ಷದ ಹಿಂದೆ. ಮುಳುಗುಗಾರರು ಕೆಳಗಿರುವಾಗ ಕೊಳವೆಯ ಬಾಗಿಲು ಮುಚ್ಚಿಯೇ ಇರಬೇಕು. ಅಂದು, ಆ ಬಾಗಿಲು ನಡೆಸುವ ಯಂತ್ರವಿರುವ, ನೀರಿನಲ್ಲೇ ನಿಂತ ಗೋಪುರದಲ್ಲಿ ಪಾಳಿ ಬದಲಾಯಿತು. ಹೋದವನು ಬಂದವನಿಗೆ ಹೇಳುವುದು ಮರೆತ. ಹೊಸಬ ಬಾಗಿಲು ತೆರೆದ. ನೀರು ಒಳಗೆ ನುಗ್ಗಿದ ರಭಸಕ್ಕೆ ಮುಳುಗುಗಾರರ ಎಡತೋಳು ಜಾಲರಿಗೆ ಅಂಟಿಕೊಂಡಿತು.

"ಎಷ್ಟು ಎಳೆದ್ರೂ ಬರ್ಲಿಲ್ಲ. ಎಳೆದಷ್ಟೂ ಗಾಳಿ ಖರ್ಚು. ಸುಮ್ಮನಾದೆ," ಎನ್ನುತ್ತಾರೆ. "ಆ ಆಳದಲ್ಲಿ ತಲೆ ಸ್ವಲ್ಪ ಕುಡಿದಂಗೆ ಇರುತ್ತೆ. ಸಾಯ್ತೀನಿ ಅನ್ನೋ ಯೋಚನೆನೇ ಬರ್ಲಿಲ್ಲ. ಒಲೆ ಮೇಲೆ ಹಾಲಿಟ್ಟು ಬಂದ್ನಾ, ಇಲ್ವಾ? ಅದೊಂದೇ."

ಮೇಲೆ ಅಕ್ಕ ನಾಲ್ಕು ಎಳೆತ ಎಣಿಸಿದರು. ಹಗ್ಗವನ್ನು ದೋಣಿಗೆ ಬಿಗಿದು, ಗೋಪುರದ ಕಬ್ಬಿಣದ ಏಣಿಯ ಐವತ್ತೆರಡು ಮೆಟ್ಟಿಲನ್ನು ನೋವಿನ ಮಂಡಿಯಲ್ಲೇ ಹತ್ತಿದರು. ಗೋಪುರದ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. "ಚಪ್ಪಲಿ ತೆಗೆದು ಬಾರಿಸಿದೆ. ಬಾಗಿಲಿಗೆ ಮೊದಲು, ಆಮೇಲೆ ಅವನಿಗೆ," ಎನ್ನುವಾಗ ಅವರ ದನಿಯಲ್ಲಿ ನಗೆಯೂ ಇಲ್ಲ, ಸಿಟ್ಟೂ ಇಲ್ಲ. ಕೆಳಗಿನ ಕೊಳವೆಯ ಬಾಗಿಲು ಪೂರ್ತಿ ಮುಚ್ಚುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ತೋಳು ಬಿಡುಗಡೆಯಾಯಿತು. ಆದರೆ ಮೇಲೆ ಬರುವ ದಾರಿಯಲ್ಲಿ ಕೊನೆಯ ಕಡೆ ನಿಲ್ಲುವಷ್ಟು ಗಾಳಿ ಉಳಿದಿರಲಿಲ್ಲ. ಗುಳ್ಳೆಗಳು ಭುಜದ ಕೀಲಿನಲ್ಲಿ ಕುಳಿತವು. ಮೂರು ತಿಂಗಳು ಮಲಗಿ, ಮತ್ತೆ ಇಳಿದರು. ಬೇರೆ ಯಾರೂ ಇರಲಿಲ್ಲ. ಅಂದಿನಿಂದ ಆ ಬಾಗಿಲು ನಡೆಸುವ ಯಂತ್ರಕ್ಕೆ ಬೀಗ. ತಮ್ಮ ನೀರಿನಲ್ಲಿರುವಷ್ಟು ಹೊತ್ತು ಕೀಲಿ ಅಕ್ಕನ ಮಡಿಲಲ್ಲಿ.

ಹಗ್ಗ ಮೂರು ಸಲ ಜಗ್ಗುತ್ತದೆ. ಅಕ್ಕ ಗಡಿಯಾರ ನೋಡುತ್ತಾರೆ. ಆರೂವರೆಗೆ ನೀರು ಸೀಳಿ ತಲೆ ಕಾಣುತ್ತದೆ. ದೋಣಿ ಹತ್ತುತ್ತಾರೆ. ತುಟಿ ನೀಲಿಗಟ್ಟಿದೆ, ಕೆನ್ನೆಯ ಮೇಲೆ ಮುಖವಾಡದ ಅಚ್ಚು. ಕೈಬೆರಳು ಮಡಚಲು ಬಾರದೆ ಸುಮ್ಮನೆ ಕುಳಿತಿದ್ದಾರೆ. ಅಕ್ಕನೇ ಬಗ್ಗಿ, ನರಳುತ್ತ, ಅವರ ಕಾಲಿನ ರಬ್ಬರು ಕಾಲುಚೀಲ ಎಳೆಯುತ್ತಾರೆ. "ಇನ್ನೆರಡು ವರ್ಷ," ಎನ್ನುತ್ತಾರೆ ಅವರು ನಿವೃತ್ತಿಯನ್ನು ನೆನೆದು. "ನನ್ನ ಮಂಡಿನ ಕೇಳು, ಎರಡು ವಾರ ಅನ್ನುತ್ತೆ," ಎನ್ನುತ್ತಾರೆ ಅಕ್ಕ.

ಮನೆ ಮೂರನೇ ಮಹಡಿಯಲ್ಲಿ. ಒಂದೊಂದು ಮಹಡಿಗೂ ನಿಂತು ಹತ್ತುವ ಅವರನ್ನು ಪಕ್ಕದ ಮನೆಯಾಕೆ ಖಾಲಿ ಬಕೆಟ್ ಹಿಡಿದು ತಡೆಯುತ್ತಾರೆ. "ನಿಮ್ಮ ಇಲಾಖೆಯವರು ಏನ್ ಮಾಡ್ತಾರೆ ಸ್ವಾಮಿ? ನಿನ್ನೆಯಿಂದ ನೀರು ದಾರದಷ್ಟು ಸಣ್ಣಗೆ ಬರ್ತಿದೆ."

"ಮಧ್ಯಾಹ್ನಕ್ಕೆ ಸರಿಹೋಗುತ್ತಮ್ಮ," ಎಂದಷ್ಟೇ ಹೇಳಿ ಒಳಗೆ ನಡೆಯುತ್ತಾರೆ.

ಊಟದ ಮೇಜಿನ ಮೇಲೆ ಕಚೇರಿಗೆ ಕೊಡಬೇಕಾದ ಹಾಳೆ. ಕೆಳಗೆ ಎರಡು ಸಹಿಯ ಜಾಗ: 'ಸ್ವಚ್ಛಗೊಳಿಸಿದವರು', 'ಪರಿಶೀಲಿಸಿದವರು'. ಮೊದಲು ಎರಡನೆಯದು ಜೊತೆಗಾರನ ಸಹಿ. ಈಗ ಎರಡೂ ಇವರದೇ. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಾರೆ. ನಿದ್ದೆ ಹತ್ತಿತೇನೋ ಅಂದುಕೊಂಡು, ಅವರ ಬಗ್ಗೆ ಬರೆಯಲು ಬಂದು ಎದುರು ಕುಳಿತಿದ್ದ ನಾನು ಏಳುವಷ್ಟರಲ್ಲಿ ಮಾತಾಡುತ್ತಾರೆ.

"ಒಂದೇ ಒಂದು ಸಲ ಯಾರಾದ್ರೂ ನನ್ನ ಜೊತೆ ಇಳೀಲಿ. ಕೆಲಸ ಮಾಡೋಕಲ್ಲ, ಅದನ್ನ ನಾನೇ ಮಾಡ್ತೀನಿ. ಟಾರ್ಚು ಹಿಡಿದು ಆ ನಾಲ್ಕು ಜಾಲರಿನೂ ನೋಡಿ, ಚೊಕ್ಕಟವಾಗಿದೆ ಅಂತ ತಲೆ ಆಡಿಸಿದ್ರೆ ಸಾಕು. ಆರು ವರ್ಷ ಆಯ್ತು, ನನ್ನ ಕೆಲಸ ನನ್ನ ಬಿಟ್ಟು ಇನ್ನೊಂದು ಕಣ್ಣು ನೋಡಿಲ್ಲ."