ಕೋಷ್ಟಕದಲ್ಲಿ ಖಾಲಿ ಉಳಿದ ಆರು ರವಿವಾರ

ಲೇಖಕನ ಹೆಸರಿನ ಪಕ್ಕದ ಇಸವಿಯನ್ನು ಕಂಸದಲ್ಲಿಡಬೇಕೋ ಬಯಲಿಗೆ ಬಿಡಬೇಕೋ ಎಂಬ ಪ್ರಶ್ನೆ ಲೋಕದ ಬಹುಪಾಲು ಜನರ ಊಟ ನಿದ್ದೆಗಳನ್ನು ಕೆಡಿಸುವುದಿಲ್ಲವೆಂದು ನನಗೆ ಗೊತ್ತು. ನನ್ನದನ್ನು ಕೆಡಿಸುತ್ತದೆ. ಸಂಶೋಧನ ಪತ್ರಿಕೆಗಳ ಸ್ವಭಾವವೇ ಹಾಗೆ ನೋಡಿ: ಒಂದಕ್ಕೆ ಇಸವಿ ಹೆಸರಿಗೆ ಆತುಕೊಂಡಿರಬೇಕು, ಇನ್ನೊಂದಕ್ಕೆ ಸಾಲಿನ ಬಾಲದಲ್ಲಿರಬೇಕು, ಒಂದು ಸಂಪುಟದ ಅಂಕಿಯನ್ನು ದಪ್ಪಕ್ಷರದಲ್ಲಿ ಬಯಸಿದರೆ ಮತ್ತೊಂದು ಅದು ಓರೆಯಾಗಿ ನಿಂತರಷ್ಟೇ ಸಂತುಷ್ಟವಾಗುತ್ತದೆ. ಡೊಂಬಿವಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತ ಆಯುಷ್ಯ ಕಳೆದ ನಾನು, ನಿವೃತ್ತಿಯಿಂದ ದೊರೆತ ದೀರ್ಘ ವಿರಾಮವನ್ನೆಲ್ಲ ಪರರ ಅಲ್ಪವಿರಾಮಗಳಿಗೆ ಧಾರೆಯೆರೆದು ಕುಳಿತಿದ್ದೇನೆ. ಪರಿಚಯದ ಪ್ರಾಧ್ಯಾಪಕರು ಹಸ್ತಪ್ರತಿಗಳನ್ನು ಕಳಿಸುತ್ತಾರೆ. ನಾನು ಅಂಚುಗಳನ್ನು ಅಳೆದು, ಸಾಲುಗಳ ನಡುವೆ ಇಮ್ಮಡಿ ಜಾಗ ಬಿಟ್ಟು, ಆಯಾ ಪತ್ರಿಕೆಯ ಮರ್ಜಿಗೆ ತಕ್ಕಂತೆ ಅವುಗಳಿಗೆ ಬಾಸಿಂಗ ಕಟ್ಟುತ್ತೇನೆ. ಒಳಗಿನ ವಿಜ್ಞಾನ ನನಗೆ ಅರ್ಥವಾಗಬೇಕೆಂಬ ನಿಯಮವೇನೂ ಇಲ್ಲ.

ನನ್ನ ಈ ಮಡಿವಂತಿಕೆಯನ್ನು ಕಂಡು ಮನಸಾರೆ ನಗುತ್ತಿದ್ದವರು ಪೂಜಾರಿಯವರು. ಉಡುಪಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಕಲ್ಯಾಣದ ಸೋದರಮಾವನ ಹೋಟೆಲಿಗೆ ಬಂದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಸಸ್ಯಶಾಸ್ತ್ರ ಓದಿ, ಕೊನೆಗೆ ಅದೇ ಊರಿನ ಕಾಲೇಜಿನಲ್ಲಿ ಅಧ್ಯಾಪಕರಾದ ಮನುಷ್ಯ. ರವಿವಾರ ಬೆಳಿಗ್ಗೆ ನಾವೆಲ್ಲ ಪೇಪರು ಹಿಡಿದು ಚಹಾ ಕುಡಿಯುವ ಹೊತ್ತಿಗೆ ಅವರು ಸಮುದ್ರದ ನೀರು ಒಳನುಗ್ಗುವ ಮುಂಬ್ರಾದ ಖಾಡಿಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಂಡ್ಲಾ ಸಸಿಗಳನ್ನು ಎಣಿಸುತ್ತಿದ್ದರು. ಉಪ್ಪುನೀರಿನಲ್ಲಿ ಬೇರೂರುವ ಆ ಗಿಡಗಳು ಒಂದು ವಾರದಲ್ಲಿ ಎಷ್ಟು ಹುಟ್ಟಿದವು, ಎಷ್ಟು ಸತ್ತವು, ಯಾವುದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿತು ಎಂದು ಹನ್ನೊಂದು ವರ್ಷ ವಹಿಗಳಲ್ಲಿ ಬರೆದಿಟ್ಟರು. ಕೊನೆಯ ಮೂರು ವರ್ಷ ಬಿಎಸ್ಸಿ ಓದುವ ಮಗಳು ಪಲ್ಲವಿಯೂ ಜೊತೆಗೆ ಕೆಸರಿಗಿಳಿದಳು. ಅಪ್ಪ ಮಗಳು ಸೇರಿ ಬರೆದ ಲೇಖನವನ್ನು ಪತ್ರಿಕೆಯೊಂದು ಎರಡು ಸಲ ಓದದೆಯೇ ಹಿಂದಿರುಗಿಸಿತು. ಕಾರಣ, ವಿನ್ಯಾಸ ನಿಯಮದಂತಿಲ್ಲ. ಹಾಗೆ ಅದು ನನ್ನ ಮೇಜಿಗೆ ಬಂತು.

“ನೀವು ಕಾಮಾ ಎಣಿಸಿ, ನಾನು ಕಾಂಡ್ಲಾ ಎಣಿಸ್ತೇನೆ. ಇಬ್ಬರಿಗೂ ಬೇರೆ ಕೆಲಸ ಇಲ್ಲ ಮಾರಾಯ್ರೆ,” ಎಂದರು.

ನಾನು ಸಿಂಗರಿಸಿಕೊಟ್ಟ ಪ್ರತಿಯನ್ನು ಪತ್ರಿಕೆ ಈ ಸಲ ಓದಿತು. ಕೆಲವು ತಿಂಗಳ ಮೇಲೆ, ಸಣ್ಣಪುಟ್ಟ ತಿದ್ದುಪಡಿ ಮಾಡಿಕೊಟ್ಟರೆ ಪ್ರಕಟಿಸುತ್ತೇವೆಂದು ಉತ್ತರ ಬಂತು. ಅಷ್ಟರಲ್ಲಿ ಪೂಜಾರಿಯವರ ಎರಡೂ ಮೂತ್ರಪಿಂಡಗಳು ಸೋತು, ಅವರು ಕಲ್ಯಾಣದ ಆಸ್ಪತ್ರೆಯೊಂದರ ಮಂಚ ಹಿಡಿದಿದ್ದರು. ನಾನು ನೋಡಲು ಹೋದಾಗ ಅವರು ಕೇಳಿದ್ದು ಒಂದೇ.

“ದೇಸಾಯರೇ, ಕೊನೇ ಪ್ರತಿ ಒಮ್ಮೆ ಕಾಗದದ ಮೇಲೆ ತೋರಿಸಿ. ಮೊಬೈಲಲ್ಲಿ ಬೇಡ. ಕೈಯಲ್ಲಿ ಹಿಡಿದು ಓದಬೇಕು.”

“ನಾಳೆ ತರ್ತೀನ್ರಿ. ಗ್ರಂಥಸೂಚಿ ಒಂದು ಉಳದದ,” ಎಂದೆ.

ಮರುದಿನ ನಾನು ಹೋಗಲಿಲ್ಲ. ಸೂಚಿಯಲ್ಲಿ ಕೆಲವು ಪತ್ರಿಕೆಗಳ ಹೆಸರು ಪೂರ್ತಿಯಾಗಿಯೂ ಕೆಲವು ಸಂಕ್ಷೇಪವಾಗಿಯೂ ಇದ್ದದ್ದು ಕಣ್ಣಿಗೆ ಬಿತ್ತು. ಅವನ್ನೆಲ್ಲ ಒಂದೇ ಹದಕ್ಕೆ ತರಲು ಒಂದು ದಿನ ಹಿಡಿಯಿತು. ಅದರ ಮರುದಿನ ಸಸ್ಯಗಳ ಶಾಸ್ತ್ರೀಯ ನಾಮಗಳು ಎರಡು ಕಡೆ ನೆಟ್ಟಗೆ ನಿಂತಿರುವುದು ಕಂಡು, ಮೊದಲಿನಿಂದ ಹುಡುಕಿ ಎಲ್ಲವನ್ನೂ ಓರೆ ಮಾಡಿದೆ. ಅಪೂರ್ಣವಾದದ್ದನ್ನು ರೋಗಿಯ ಕೈಗೆ ಹೇಗೆ ಕೊಡುವುದು ಎಂಬುದು ನನ್ನ ಅಂದಿನ ಸಮರ್ಥನೆ; ನಿಜ ಹೇಳಬೇಕೆಂದರೆ, ಅವರು ಅದರಲ್ಲೊಂದು ತಪ್ಪು ಹುಡುಕಿ ನಗಬಾರದೆಂಬ ಒಣ ಜಂಬವೂ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಸ್ಟೇಷನ್ನಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ, ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, ಕಲ್ಯಾಣದ ಸ್ಲೋ ಲೋಕಲ್ ಹತ್ತಿದೆ. ನಡುವೆ ಇರುವುದು ಠಾಕುರ್ಲಿ ಒಂದೇ ಸ್ಟೇಷನ್ನು. ಅಲ್ಲಿ ಗಾಡಿ ನಿಂತಾಗ ಪಲ್ಲವಿಯ ಫೋನು ಬಂತು.

“ಕಾಕಾ, ಪಪ್ಪಾ ಗಯೇ,” ಎಂದಳು.

ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಫೋಲ್ಡರನ್ನು ಎದೆಗವಚಿಕೊಂಡು ನಾನು ಬಾಗಿಲ ಬಳಿ ಕಂಬ ಹಿಡಿದೇ ನಿಂತಿದ್ದೆ. ಯಾರೋ “ಅಂದರ್ ಚಲೋ ಅಂಕಲ್” ಎಂದು ತಳ್ಳಿದ್ದು ನೆನಪಿದೆ.

ಕ್ರಿಯಾಕರ್ಮಗಳು ಮುಗಿದ ಮೇಲೆ ಪಲ್ಲವಿ ನನ್ನನ್ನು ಮನೆಗೆ ಕರೆದಳು. ಪತ್ರಿಕೆ ಕೊಟ್ಟ ಗಡುವಿಗೆ ಎರಡೇ ದಿನ ಉಳಿದಿತ್ತು. ಅವಳ ಲ್ಯಾಪ್‌ಟಾಪಿನ ತೆರೆಯ ಮೇಲೆ, ಲೇಖನ ಕಳಿಸುವ ಮುನ್ನ ಒಪ್ಪಿಗೆಯ ಗುರುತು ಹಾಕಬೇಕಾದ ಒಂದು ಚೌಕವಿತ್ತು: ಎಲ್ಲ ಲೇಖಕರೂ ಅಂತಿಮ ಪ್ರತಿಯನ್ನು ಓದಿ ಅನುಮೋದಿಸಿದ್ದಾರೆ. ನೂರಾರು ಸಲ ನಾನು ಕಣ್ಣು ಮುಚ್ಚಿ ಒತ್ತಿದ ಚೌಕ ಅದು.

ಪಲ್ಲವಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ. “ಇಸ್‌ಮೇ ಟಿಕ್ ಕೈಸೇ ಕರೂ ಕಾಕಾ? ಪಪ್ಪಾನೇ ತೋ ದೇಖಾ ಹೀ ನಹೀ.”

ಅಪ್ಪ ನೋಡಿಯೇ ಇಲ್ಲ, ಗುರುತು ಹೇಗೆ ಹಾಕಲಿ ಎನ್ನುವ ಮಾತನ್ನು ಅವಳು ಯಾರ ಮೇಲೂ ಹೊರಿಸದೆ ಹೇಳಿದ್ದಳು. ನಾನೇ ಹೊತ್ತುಕೊಂಡೆ. “ತಪ್ಪು ನಂದು ಪಲ್ಲವಿ. ಅವರು ಕೇಳಿದ್ರು. ನಾಳೆ ಅಂದು ನಾಲ್ಕು ದಿನ ಕಾಯಿಸಿಬಿಟ್ಟೆ,” ಎಂದೆ. ಅವಳು ತೆರೆಯಿಂದ ಕಣ್ಣು ತೆಗೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ವನಜಾ, ನಾನು ನಮ್ಮ ಕಡೆಯ ರೂಢಿಯಂತೆ ಅತ್ತಿಗೆ ಎಂಬರ್ಥದಲ್ಲಿ ವೈನಿ ಎಂದು ಕರೆಯುವವರು, ಮೆಲ್ಲಗೆ ಹೇಳಿದರು:

“ನಂಗೂ ಹೇಳಿದ್ರು. ದೇಸಾಯರು ಇವತ್ತು ತರ್ತಾರೆ ಅಂತ. ಕೊನೇ ದಿನ ಬೆಳಿಗ್ಗೆಯೂ ಕನ್ನಡಕ ಒರೆಸಿಕೊಡು ಅಂತ ಕೇಳಿ ಹಾಕಿಕೊಂಡೇ ಮಲಗಿದ್ರು.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚೌಕವನ್ನು ಹಾಗೆಯೇ ಬಿಟ್ಟು, ನಡೆದದ್ದನ್ನು ಸಂಪಾದಕರಿಗೆ ಬರೆದು ಕೇಳುವುದೆಂದು ಪಲ್ಲವಿ ನಿಶ್ಚಯಿಸಿದಳು. ಇನ್ನೊಂದು ತೊಡಕಿತ್ತು. ಪತ್ರಿಕೆಯ ಪರಿಶೀಲಕರು ಎತ್ತಿದ್ದ, ಕೊನೆಯ ಪ್ರತಿ ಓದುವಾಗ ತಾವೇ ಬರೆಯುತ್ತೇನೆಂದು ಪೂಜಾರಿಯವರು ಉಳಿಸಿಕೊಂಡಿದ್ದ ಒಂದು ಪ್ರಶ್ನೆಗೆ ಈಗ ಉತ್ತರ ಯಾರಲ್ಲಿಯೂ ಇರಲಿಲ್ಲ: ಕೋಷ್ಟಕದ ಐದನೆಯ ವರ್ಷದಲ್ಲಿ ಸತತ ಆರು ವಾರ ಏಕೆ ಖಾಲಿಯಾಗಿವೆ? ಆಗ ಪಲ್ಲವಿ ಶಾಲೆಯ ಹುಡುಗಿ. ವಹಿಯಲ್ಲಿ ದಿನಾಂಕಗಳಿದ್ದವು, ಪಕ್ಕದಲ್ಲಿ ಏನೂ ಇರಲಿಲ್ಲ. ಆ ಕೋಷ್ಟಕದ ಗೆರೆಗಳ ದಪ್ಪವನ್ನು ಎಷ್ಟೋ ಸಲ ತಿದ್ದಿದ ನಾನು ಆ ಖಾಲಿ ಜಾಗವನ್ನು ಒಮ್ಮೆಯೂ ನೋಡಿರಲಿಲ್ಲ. ನೀರು ಹೆಚ್ಚಾಗಿದ್ದಿರಬೇಕು, ಕಾಲೇಜಿನ ಪರೀಕ್ಷೆಗಳಿದ್ದಿರಬೇಕು ಎಂದು ನಾವಿಬ್ಬರೂ ಊಹಿಸುತ್ತಿದ್ದಾಗ ವೈನಿ ಕೇಳಿದರು, “ಯಾವ ತಿಂಗಳು?”

“ಜನವರಿ, ಫೆಬ್ರವರಿ,” ಎಂದೆ.

ವೈನಿ ಕುರ್ಚಿಯ ಬೆನ್ನು ಹಿಡಿದುಕೊಂಡರು. “ಅದು ನಂದು,” ಎಂದರು. “ಗರ್ಭಕೋಶದ ಆಪರೇಶನ್ ಆದದ್ದು. ಇವಳು ಸಣ್ಣವಳು, ನೋಡಿಕೊಳ್ಳಲಿಕ್ಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೀವು ಹೋಗಿ ಬನ್ನಿ, ನಿಮ್ಮ ಲೆಕ್ಕ ತಪ್ತದೆ ಅಂತ ಹೇಳಿದೆ. ಆರು ಆದಿತ್ಯವಾರ ಎಲ್ಲಿಗೂ ಹೋಗ್ಲಿಲ್ಲ. ಗಂಜಿ ಮಾಡಿ, ನನ್ನ ತಲೆ ಬಾಚಿ... ಜಡೆ ಹಾಕ್ಲಿಕ್ಕೆ ಬರ್ತಿರಲಿಲ್ಲ ಅವರಿಗೆ. ಸೊಟ್ಟ ಹಾಕ್ತಿದ್ರು.”

ಪಲ್ಲವಿ ಎದ್ದು ಹೋಗಿ ತಾಯಿಯ ಹೆಗಲ ಮೇಲೆ ಕೈಯಿಟ್ಟಳು. ನಾನು ಮೂಗಿನ ಮೇಲೆ ನೆಟ್ಟಗೇ ಇದ್ದ ಕನ್ನಡಕವನ್ನು ಸರಿಮಾಡಿಕೊಂಡೆ.

ನಾನು ಒಂದು ವಾಕ್ಯ ಬರೆದೆ: ಲೇಖಕರ ಪತ್ನಿಯ ಅನಾರೋಗ್ಯದ ಕಾರಣ ಈ ಆರು ವಾರ ವೀಕ್ಷಣೆ ನಡೆಯಲಿಲ್ಲ. ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ವೈನಿ, “ಅಯ್ಯೋ, ಮನೆ ಸಂಗತಿ ಅದರಲ್ಲೆಲ್ಲ ಎಂತಕ್ಕೆ?” ಎಂದು ನಾಚಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ, “ಇರ್ಲಿ ಬಿಡಿ. ಸುಮ್ಮನೆ ರಜೆ ಹಾಕಿದ್ರು ಅಂತ ಯಾರೂ ತಿಳೀಬಾರ್ದು,” ಎಂದರು.

ಸಂಪಾದಕರ ಉತ್ತರ ಸಂಕ್ಷಿಪ್ತವಾಗಿತ್ತು, ಸೌಜನ್ಯದಿಂದಲೂ ಕೂಡಿತ್ತು: ಚೌಕವನ್ನು ಖಾಲಿ ಬಿಡಬಹುದು, ಮೃತ ಲೇಖಕರ ಹೆಸರಿನ ಮೇಲೆ ನಿಯಮಾನುಸಾರ ಗುರುತು ಹಾಕಿ, ಪುಟದ ಕೆಳಗೆ ಟಿಪ್ಪಣಿ ಕೊಡತಕ್ಕದ್ದು. ಪುಟ್ಟ ಕಠಾರಿಯಂಥ ಆ ಗುರುತು ಕೀಲಿಮಣೆಯಲ್ಲಿ ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಹುಡುಕಿ ಹಾಕಿದೆ. ಆ ಪುಟವನ್ನು ಅಂದು ಎರಡನೆಯ ಸಲ ತಿದ್ದಲು ಹೋಗಲಿಲ್ಲ.

ಲೇಖನ ಪ್ರಕಟವಾದ ವಾರ ಅದರ ಪ್ರತಿ ತೆಗೆಸಿಕೊಂಡು ಕಲ್ಯಾಣಕ್ಕೆ ಹೋದೆ. ಪಲ್ಲವಿ ನವಿ ಮುಂಬಯಿಯಲ್ಲಿ ಹೊಸದಾಗಿ ಸೇರಿದ ಕೆಲಸಕ್ಕೆ ಹೋಗಿದ್ದಳು. ವೈನಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಗಂಡನ ಹೆಸರನ್ನು ಓದಿದರು, ಅದರ ಮೇಲೆ ಬೆರಳಾಡಿಸಿದರು, ಬೆರಳು ನಿಂತಿತು.

“ಇದೆಂತ ಶಿಲುಬೆ? ನಾವು ಇಗರ್ಜಿಗೆ ಹೋಗುವವರಲ್ಲವಲ್ಲ.”

“ಶಿಲುಬಿ ಅಲ್ರಿ ವೈನಿ. ತೀರಿಕೊಂಡವರ ಹೆಸರಿಗೆ ಈ ಗುರುತು ಹಾಕತಾರ.”

ಅವರು ಅದನ್ನೇ ನೋಡುತ್ತ ಕುಳಿತರು. ಕೆಳಗೆ ರಸ್ತೆಯಲ್ಲಿ ಭಾಜಿಯವನು ಕೂಗುತ್ತ ಹೋದ.

“ನೀವು ಎಲ್ಲ ಸರಿ ಮಾಡ್ತೀರಿ ಅಂತಿದ್ರು ಅವರು,” ಎಂದರು. “ಇದೊಂದು ತೆಗೀಲಿಕ್ಕೆ ಆಗುದಿಲ್ವಾ?”

“ಆಗೂದಿಲ್ರಿ,” ಎಂದೆ.