ಒಂದೆಳೆ ದಾರ ಸಿಗದ ಜಾಗ

ವಿಮಾನ ನಿಲ್ದಾಣದ ತಪಾಸಣೆಯ ಸಾಲು ಎಂದರೆ ನನಗೆ ಮೊದಲಿನಿಂದಲೂ ಅಸಹ್ಯ. ಶಿಕಾರಿಪುರದಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿಯಿದೆ. ಕಂಪನಿಯವರು ಆಗಾಗ ಸಭೆ ಎಂದು ದೂರದ ಊರಿಗೆ ಕರೆಸುವುದರಿಂದ ಆ ಸಾಲಿನಲ್ಲಿ ನಿಂತು ರೂಢಿಯಾಗಿದೆ. ರೂಢಿಯಾದರೂ ಹೇಸಿಗೆ ಮಾತ್ರ ಹೋಗಿಲ್ಲ. ಯಾರದೋ ಬೂಟು ಇಟ್ಟು ತೆಗೆದ ಟ್ರೇಯಲ್ಲೇ ಹಿಂದಿನವರು ಕೂಸಿನ ಹಾಲಿನ ಬಾಟಲಿ ಇಡುತ್ತಾರೆ. ಅದರ ಮೂಲೆಯಲ್ಲಿ ಯಾರೋ ಅಗಿದು ಅಂಟಿಸಿದ ಚೂಯಿಂಗ್ ಗಮ್ ಒಣಗಿ ಕೂತಿರುತ್ತದೆ. ಬೆಲ್ಟು ಬಿಚ್ಚಿದ ಗಂಡಸರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಕಾಲುಚೀಲದ ನಾತ ಬಿಡುತ್ತಾ, ಮುಖವನ್ನು ಮಾತ್ರ ಭಾರಿ ಗಣ್ಯರ ಹಾಗೆ ಇಟ್ಟುಕೊಂಡು ಮುಂದೆ ಸರಿಯುತ್ತಾರೆ. ಅಂಥ ಸಾಲಿಗೆ ಹೋದ ವರ್ಷ ನನ್ನ ಸೋದರಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಬೇಕಾಯಿತು.

ಮಾವನ ಊರು ಸೊರಬದ ಕಡೆ, ಚಂದ್ರಗುತ್ತಿ ಗುಡ್ಡದ ಕೆಳಗೆ. ಭತ್ತ, ಶುಂಠಿ ಬೆಳೆಯುತ್ತಾನೆ. ಅವನ ಮಗಳು ದೆಹಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಹೆತ್ತಿದ್ದಳು. ಮಗುವಿಗೆ ಹೆಸರಿಡುವ ದಿನಕ್ಕೆ ಅಪ್ಪ ಅಮ್ಮ ಬರಲೇಬೇಕೆಂದು ಟಿಕೆಟ್ಟು ಕಳಿಸಿ, ಹಿಂದಿ ಬರುತ್ತದೆಂದು ನನ್ನನ್ನೂ ಜೊತೆಗೆ ಹೊರಡಿಸಿದಳು. ನನ್ನ ಹಿಂದಿ ಲಾರಿ ಡ್ರೈವರುಗಳ ಜೊತೆ ಮಾತಾಡಿ ಕಲಿತದ್ದು. ಮಾವನಿಗೆ ಅದೂ ಬಾರದು.

ಹೊರಡುವ ಮುನ್ನ ಅವರ ಚೀಲವನ್ನೆಲ್ಲ ನಾನೇ ತಡಕಿದೆ. ಎಲೆಯಡಿಕೆ ಸಂಚಿಯಿಂದ ಅಡಕತ್ತರಿ ತೆಗೆದಿಟ್ಟೆ, ಉಪ್ಪಿನಕಾಯಿ ಭರಣಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕಿಸಿದೆ, ಬೆಂಕಿಪೊಟ್ಟಣ ಕಿತ್ತುಕೊಂಡೆ. ಮಾವನ ಸೊಂಟದಲ್ಲಿ ಏನಿದೆ ಎಂದು ಕೇಳಲು ನನಗೆ ಹೊಳೆಯಲಿಲ್ಲ, ಹೇಳಲು ಅವನಿಗೂ ಹೊಳೆಯಲಿಲ್ಲ. ಉಡಿದಾರವನ್ನು ನಮ್ಮ ಕಡೆ ಯಾರೂ ಸಾಮಾನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೊಟ್ಟಿಲಿನಲ್ಲಿ ಕಟ್ಟಿದರೆ ಮುಗಿಯಿತು, ಅದು ಮೈಯೇ ಆಗಿಬಿಡುತ್ತದೆ. ಹಳೆಯದು ಸವೆದರೆ ಮೊದಲು ಹೊಸದನ್ನು ಕಟ್ಟಿಕೊಂಡು ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಗಂಡಸಿನ ಸೊಂಟ ಬರಿದಾಗುವುದು ಹೆಣವಾದ ಮೇಲೆ ಮಾತ್ರ.

ಮಾವನದು ಬೆಳ್ಳಿಯ ಉಡಿದಾರ, ತಿರುಪು ಇದ್ದದ್ದು. ಅದಕ್ಕೆ ಕಬ್ಬಿಣದ ಮುಳ್ಳುಚಿಮಟ ಪೋಣಿಸಿಕೊಂಡಿದ್ದ. ಬೇಲಿ ಕಟ್ಟುವವರ ಸೊಂಟದಲ್ಲಿ ಅದು ಇದ್ದೇ ಇರುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲೇ ಕೂತು ಕಿತ್ತು, ಮತ್ತೆ ಕೆಲಸಕ್ಕೆ ಏಳುವುದು.

ತಪಾಸಣೆಯಲ್ಲಿ ಹೆಂಗಸರಿಗೆ ಪರದೆ ಕಟ್ಟಿದ ಗೂಡಿದೆ. ಅತ್ತೆ ಅದರೊಳಗೆ ಹೋದಳು. ಗಂಡಸರಿಗೆ ಮಾನ ಇರುವುದಿಲ್ಲವೆಂದು ಯಾರು ತೀರ್ಮಾನಿಸಿದರೋ, ನಮ್ಮನ್ನು ಎಲ್ಲರ ಎದುರಿಗೆ ಒಂದು ಮಣೆಯ ಮೇಲೆ ಹತ್ತಿಸಿ ಕೈ ಅಗಲಿಸಿ ನಿಲ್ಲಿಸುತ್ತಾರೆ. ಮಾವ ಹತ್ತಿ ನಿಂತ. ಸಿಬ್ಬಂದಿಯ ಕೈಯಲ್ಲಿದ್ದ ಯಂತ್ರ ಅವನ ಸೊಂಟದ ಹತ್ತಿರ ಬಂದು ಕೂಗಿತು. ಅಂಗಿ ಎತ್ತಿಸಿದರು. ಎಲ್ಲರಿಗೂ ಕಾಣುವಂತೆ ಮಾವನ ಹೊಟ್ಟೆ, ಬೆಳ್ಳಿಯ ಸರ, ಅದರಲ್ಲಿ ನೇತಾಡುವ ಚಿಮಟ. ಹಿಂದೆ ಯಾರೋ ಕಿಸಕ್ಕೆಂದರು.

ಚಿಮಟ ಚೂಪಾಗಿದೆ, ಒಯ್ಯುವಂತಿಲ್ಲ ಎಂದರು. ಬಿಟ್ಟುಹೋಗಲು ಮಾವ ತಕ್ಷಣ ಒಪ್ಪಿದ. ಆದರೆ ಚಿಮಟ ಬರಬೇಕಾದರೆ ಸರ ಬಿಚ್ಚಬೇಕು. ಬಿಚ್ಚಿ ಟ್ರೇಯಲ್ಲಿಡು ಎಂದು ಸಿಬ್ಬಂದಿ ಸನ್ನೆ ಮಾಡಿದ. ಮಾವ ನನ್ನ ಕಡೆ ತಿರುಗಿದ. "ಒಂದೆಳೆ ದಾರ ಕೊಡ್ಸೋ ಮಾರಾಯ. ಅದನ್ನ ಕಟ್ಕಂಡು ಇದನ್ನ ಬಿಚ್ತೀನಿ. ನನ್ನದೇನು ತಕರಾರಿಲ್ಲ."

ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ದಾರ ಬೇಕೆನ್ನುವುದು ಅವನಿಗೆ ತಿಳಿಯಿತು, ಏಕೆನ್ನುವುದು ತಿಳಿಯಲಿಲ್ಲ. ಎರಡು ನಿಮಿಷ ಬಿಚ್ಚಿದರೆ ಏನಾಗುತ್ತದೆ, ವಾಪಸು ಕೊಡುತ್ತೇವಲ್ಲ ಎಂದ. ನಮ್ಮಲ್ಲಿ ಅದನ್ನು ಸತ್ತ ಮೇಲೆಯೇ ತೆಗೆಯುವುದು ಎಂದೆ. ಒಂದು ದಾರಕ್ಕೆ ಇಷ್ಟೊಂದೇ ಎಂದು ನಕ್ಕು ಕೈ ಬೀಸಿದ. ಬೀಸಿದ ಕೈಯ ಮಣಿಕಟ್ಟಿನಲ್ಲಿ ಕೆಂಪು ದಾರವಿತ್ತು, ಯಾವುದೋ ದೇವಸ್ಥಾನದ್ದು, ಮಾಸಿ ಕಪ್ಪಾಗಿದ್ದರೂ ಬಿಚ್ಚದೆ ಕಟ್ಟಿಕೊಂಡದ್ದು.

ನಾನು ಸಾಲಿನವರನ್ನು ಕೇಳಿದೆ. ಗಾಜು, ದೀಪ, ಅಂಗಡಿಗಳಿಂದ ಥಳಥಳಿಸುವ ಆ ಕಟ್ಟಡದಲ್ಲಿ ಒಂದೆಳೆ ದಾರವಿರಲಿಲ್ಲ. ಒಬ್ಬ ಬೂಟಿನ ಲೇಸು ಬಿಚ್ಚಿಕೊಡಲು ಬಂದ. ಪುಣ್ಯಾತ್ಮನ ಮನಸ್ಸು ಒಳ್ಳೆಯದೇ, ಆದರೆ ಕಾಲಿನದನ್ನು ಸೊಂಟಕ್ಕೆ ಕಟ್ಟುವುದು ಹೇಗೆ? ಮಾವನ ಹಿಂದೆಯೇ ಇಸ್ತ್ರಿ ಅಂಗಿಯ ಒಬ್ಬ ಮಹಾಶಯ ನಿಂತಿದ್ದ. ಅಚ್ಚ ಕನ್ನಡದವನು. ಅವನ ಕೈಯಲ್ಲಿ ಕೆಂಪು, ಹಳದಿ ದಾರಗಳು ಎರಡೆರಡು ಸುತ್ತು ಇದ್ದವು. ಒಂದು ಕೊಡಿ ಸ್ವಾಮಿ ಎಂದೆ. ಅದು ಹರಕೆಯದು, ಬಿಚ್ಚುವ ಹಾಗಿಲ್ಲ ಎಂದು ಕೈಯನ್ನು ಹಿಂದಕ್ಕೆಳೆದುಕೊಂಡ. ಮರುಗಳಿಗೆಯಲ್ಲೇ ಪಕ್ಕದವನಿಗೆ, ಇಂಥವರನ್ನೆಲ್ಲ ಬಸ್ಸಿಗೆ ಹತ್ತಿಸಬೇಕಪ್ಪ, ನಮ್ಮ ಟೈಮು ಹಾಳು ಮಾಡ್ತಾರೆ ಎಂದ. ತನ್ನ ದಾರ ದೇವರದು, ಮಾವನದು ರಗಳೆ. ಆ ಇಸ್ತ್ರಿ ಅಂಗಿಯ ಮುಖ ನೆನೆದರೆ ಈಗಲೂ ಬಾಯಲ್ಲಿ ಕಹಿ ಬರುತ್ತದೆ. ಸಿಬ್ಬಂದಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ, ಹೋಗಲಿ. ಇವನಿಗೆ ಗೊತ್ತಿತ್ತು. ಅವನ ಸೊಂಟದಲ್ಲೂ ಒಂದಿದ್ದೀತು. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದಿದ್ದ, ಫೋಟೋ ತೆಗೆಯುತ್ತಿದ್ದನೋ ಏನೋ. ಎಲ್ಲರ ಮೇಲೂ ಕಾರಿ ಉಗಿಯಬೇಕೆನ್ನಿಸಿತು.

ಅಷ್ಟರಲ್ಲಿ ಅತ್ತೆ ಪರದೆಯ ಗೂಡಿನಿಂದ ಆಚೆ ಬದಿಗೆ ಹೊರಬಂದಳು. ಗಂಡ ಅಂಗಿ ಎತ್ತಿಕೊಂಡು, ಎರಡೂ ಕೈಯಲ್ಲಿ ಉಡಿದಾರ ಒತ್ತಿ ಹಿಡಿದು ನಿಂತಿದ್ದಾನೆ. "ಎಂತ ಆತೋ ಅಲ್ಲಿ?" ಎಂದು ನನ್ನನ್ನು ಕೇಳಿದಳು. ಹೇಳಿದೆ. ಅವಳು ಸೆರಗನ್ನು ಬಾಯಿಗೆ ಕೊಟ್ಟು ಅಂಚು ಕಚ್ಚಿ ಪರ್ರನೆ ಹರಿದಳು. ಮೊಮ್ಮಗನಿಗೆ ಹೆಸರಿಡುವ ದಿನಕ್ಕೆಂದೇ ತಂದ ಹೊಸ ಸೀರೆ. ಅಂಚಿನ ಪಟ್ಟಿ ಹಿಡಿದು ನಮ್ಮ ಕಡೆ ಬರಹೊರಟವಳನ್ನು ಮಹಿಳಾ ಸಿಬ್ಬಂದಿ ತಡೆದಳು. ತಪಾಸಣೆ ಮುಗಿಸಿದವರು ಹಿಂದೆ ಹೋಗುವಂತಿಲ್ಲವಂತೆ. ಸರಿ, ನನ್ನ ಕೈಗೆ ಕೊಡಲಿ ಎಂದು ನಾನು ಕೈ ಚಾಚಿದೆ. ಆ ಬದಿಯಿಂದ ಈ ಬದಿಗೆ ಏನನ್ನೂ ದಾಟಿಸುವಂತಿಲ್ಲವಂತೆ. ಬೆರಳಗಲದ ಬಟ್ಟೆಗೆ ಅಷ್ಟು ಕಾನೂನು. ಅತ್ತೆ ಮುಂದಕ್ಕೆ ಜಗ್ಗುತ್ತಿದ್ದಳು, ಆ ಹುಡುಗಿ ಅವಳ ರಟ್ಟೆ ಹಿಡಿದು ನಿಂತಳು.

ಗಲಾಟೆ ಕೇಳಿ ಮೇಲಿನ ಅಧಿಕಾರಿ ಬಂದ. ಬೈಯಲಿಲ್ಲ, ದಬ್ಬಲಿಲ್ಲ. ನಿಮ್ಮ ವಿಮಾನ ತಪ್ಪಿಹೋಗುತ್ತದೆ ಚಾಚಾ ಎಂದು ಹಿಂದಿಯಲ್ಲಿ ನಯವಾಗಿ ಹೇಳಿ, ಮಾವನ ಕೈಗಳನ್ನು ಮೆಲ್ಲಗೆ ಬಿಡಿಸಿ, ತಾನೇ ತಿರುಪು ತಿರುಗಿಸಿದ. ನನಗೆ ಬೇಡ ಎನ್ನಲೂ ಸಮಯವಾಗಲಿಲ್ಲ. ಸರ ಅವನ ಕೈಗೆ ಜಾರಿತು. ಚಿಮಟ ಕತ್ತರಿ, ಲೈಟರುಗಳ ಡಬ್ಬಿಗೆ ಬಿತ್ತು. ಸರ ಟ್ರೇಗೆ ಹೋಯಿತು. ಆ ಟ್ರೇಯಲ್ಲಿ ಇಸ್ತ್ರಿ ಅಂಗಿಯವನ ಬೂಟುಗಳಿದ್ದವು. ಮಾವ ಬರಿದಾದ ಸೊಂಟದ ಮೇಲೆ ಅಂಗೈ ಇಟ್ಟುಕೊಂಡು ಮಣೆ ಇಳಿದ.

ಆಚೆ ಬದಿಗೆ ಹೋದ ಕೂಡಲೇ ಅತ್ತೆ ನೂರಾರು ಜನರ ನಡುವೆ ಅವನ ಅಂಗಿಯೊಳಗೆ ಕೈ ಹಾಕಿ ಸೀರೆಯಂಚನ್ನು ಕಟ್ಟಿದಳು. ಗಂಟು ನಿಲ್ಲಲಿಲ್ಲ. ಕೊನೆಗೆ ನಾನೇ ಬಿಗಿದೆ. ವಿಮಾನದಲ್ಲಿ ಮಾವ ಕಿಟಕಿಯ ಹತ್ತಿರ ಕೂತು ಮೋಡ ತೋರಿಸಿದ, ಅವಳು ನೋಡಲಿಲ್ಲ. ಮಗಳ ಮನೆಯಲ್ಲಿ ಎಲ್ಲವನ್ನೂ ಚೆಂದವಾಗಿಯೇ ಮಾಡಿದಳು. ಮಗುವಿಗೆ ಎಣ್ಣೆ ತೀಡಿದಳು, ಹೋಳಿಗೆ ಬೇಯಿಸಿದಳು, ಬಂದವರನ್ನು ಮಾತಾಡಿಸಿದಳು. ನಾನು ಎಲ್ಲ ಮರೆತಿದ್ದಾಳೆ ಅಂದುಕೊಂಡೆ.

ಹೊರಡುವ ಹಿಂದಿನ ದಿನ ಊಟವಾದ ಮೇಲೆ ಅತ್ತೆ, ವಿಮಾನ ಬೇಡ, ರೈಲಿಗೆ ಹೋಗೋಣ ಎಂದಳು. ಮಾವ ಅಂಗಿ ಸರಿಸಿ ತೋರಿಸಿದ. ಬೆಳ್ಳಿಯದನ್ನು ಎಂದೋ ಹಾಕಿಕೊಂಡಿದ್ದ, ಸೀರೆಯಂಚನ್ನೂ ಬಿಟ್ಟಿರಲಿಲ್ಲ. "ನಾನು ಕಲ್ಲುಗುಂಡಿನಂಗೆ ಇದೀನಲ್ಲೇ ಮಾರಾಯ್ತಿ. ಎರಡೆರಡು ಕಟ್ಕಂಡೀನಿ. ಇನ್ನೆಂತಕ್ಕೆ ಆ ಯೋಚನೆ?" ಎಂದ.

ಅವಳು ನನ್ನನ್ನು ನೋಡಿ ಹೇಳಿದಳು: "ಗಂಡನ ಉಡಿದಾರ ಹರಿಯೋ ಹೊತ್ತಲ್ಲಿ ಹೆಂಡ್ತೀನ ಆಚಿಗೆ ಕರ್ಕಂಡು ಹೋಗ್ತಾರಪ್ಪ, ಅವಳು ನೋಡಬಾರದು ಅಂತ. ಅಲ್ಲಿ ನನ್ನ ರಟ್ಟೆ ಹಿಡಿದು, ನಿಲ್ಸಿ ತೋರ್ಸಿದ್ರು."

ಮಾವ ಅಂಗಿ ಕೆಳಗಿಳಿಸಿದ. ನಾನು ರೈಲಿನ ಟಿಕೆಟ್ಟು ಮಾಡಿಸಲು ಎದ್ದು ಹೋದೆ.